ಗ್ರೇಡ್ 3 ಅಂದ್ರೆ ಮೂರನೇ ಸ್ಟೇಜ್ ಅಲ್ಲ, ಕೆಳಗಿರೋ ಈಆರ್ ಪೀಆರ್ ಸಾಲನ್ನೂ ಓದಿ

ಶಿವಮೊಗ್ಗದ ಒಂದು ಪೆಥಾಲಜಿ ಲ್ಯಾಬಲ್ಲಿ ನಾನು ಟೆಕ್ನಿಷಿಯನ್. ರಿಪೋರ್ಟಿಗೆ ಸೈನ್ ಹಾಕೋರು ಪೆಥಾಲಜಿಸ್ಟ್ ಮೇಡಂ, ನಮ್ಮ ಕೆಲಸ ಅದಕ್ಕಿಂತ ಮೊದಲಿಂದು, ಡಬ್ಬೀಲಿ ಬಂದ ಮಾಂಸದ ತುಂಡನ್ನ ಗಾಜಿನ ಸ್ಲೈಡ್ ಮೇಲೆ ತರೋವರೆಗಿಂದು. ಊರಲ್ಲಿ ಎಲ್ಲರಿಗೂ ನಾನು ಲ್ಯಾಬಲ್ಲಿರೋದು ಗೊತ್ತು, ಹಾಗಾಗಿ ತೀರ್ಥಹಳ್ಳಿ, ಹೊಸನಗರ, ರಿಪ್ಪನ್‌ಪೇಟೆ ಕಡೆಯಿಂದ ಯಾರ ಮನೇಲಿ ಸ್ತನ ಕ್ಯಾನ್ಸರಾ ಅಂತ ನೋಡೋಕೆ ಎದೆ ಗಡ್ಡೆ ಬಯಾಪ್ಸಿ (ಗಡ್ಡೆಯ ತುಂಡು ತೆಗೆದು ಮಾಡೋ ಪರೀಕ್ಷೆ) ಆದ್ರೂ ವಾಟ್ಸಾಪಲ್ಲಿ ರಿಪೋರ್ಟಿನ ಫೋಟೋ ನನಗೆ ಬರುತ್ತೆ, ಜೊತೆಗೆ ಒಂದೇ ಪ್ರಶ್ನೆ: "ಅಕ್ಕಾ, ಗ್ರೇಡ್ ತ್ರೀ ಅಂತ ಹಾಕಿದಾರೆ, ಥರ್ಡ್ ಸ್ಟೇಜಿಗೆ ಹೋಗಿಬಿಟ್ಟಿದೆಯಾ?"

ಅಲ್ಲ. ಗ್ರೇಡೇ ಬೇರೆ, ಸ್ಟೇಜೇ ಬೇರೆ. ಮಂಡಿಗೆ ಹೋದ ಅಡಿಕೆನ ರಾಶಿ, ಬೆಟ್ಟೆ, ಗೊರಬಲು ಅಂತ ವಿಂಗಡಿಸ್ತಾರಲ್ಲ, ಅದು ಅಡಿಕೆ ಎಂಥದ್ದು ಅನ್ನೋ ಲೆಕ್ಕ, ಎಷ್ಟು ಕ್ವಿಂಟಾಲ್ ಬಂತು ಅನ್ನೋದು ಇನ್ನೊಂದು ಲೆಕ್ಕ. ಹಾಗೇನೇ ಗ್ರೇಡ್ ಅಂದ್ರೆ ಆ ಗಡ್ಡೆಯ ಜೀವಕೋಶ ಎಂಥದ್ದು ಅನ್ನೋದು, ಸ್ಟೇಜ್ ಅಂದ್ರೆ ಅದು ಎಷ್ಟು ದೊಡ್ಡದಾಗಿದೆ, ಕಂಕುಳ ಗಂಟಿಗೆ ಹೋಗಿದೆಯಾ, ಲಿವರ್ರು ಮೂಳೆ ಶ್ವಾಸಕೋಶಕ್ಕೆ ಹೋಗಿದೆಯಾ ಅನ್ನೋದು. ಗ್ರೇಡ್ 3 ಇದ್ದು ಸ್ಟೇಜ್ 1 ಇರೋರು ಇದಾರೆ, ಗ್ರೇಡ್ 1 ಇದ್ದೂ ತಡವಾಗಿ ಬಂದು ಸ್ಟೇಜ್ 4 ಆದೋರೂ ಇದಾರೆ. ನನ್ನ ಚಿಕ್ಕಮ್ಮಂದು (ಹೊಸನಗರದ ಹತ್ರ ಅವರ ತೋಟ) ಗ್ರೇಡ್ 3 ಅಂತ ಬಂದಾಗ ಚಿಕ್ಕಪ್ಪ ಎರಡು ದಿನ ಊಟ ಬಿಟ್ಟಿದ್ರು, ಆದ್ರೆ ಗಡ್ಡೆ ಎರಡು ಸೆಂಟಿಮೀಟರಿಗಿಂತ ಚಿಕ್ಕದು, ಕಂಕುಳಲ್ಲಿ ಒಂದು ಗಂಟೂ ಇರ್ಲಿಲ್ಲ.

ಗ್ರೇಡ್ ಹೆಂಗೆ ಹಾಕ್ತಾರೆ ಅಂತ ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ಇದು ಗೊತ್ತಾದ್ರೆ ಆ ನಂಬರ್ ನೋಡಿ ಆಗೋ ಹೆದರಿಕೆ ಅರ್ಧ ಇಳಿಯುತ್ತೆ. ಬ್ಲೂಮ್ ಮತ್ತೆ ರಿಚರ್ಡ್‌ಸನ್ ಅನ್ನೋರು 1957ರಲ್ಲಿ ಒಂದು ಪದ್ಧತಿ ಮಾಡಿದ್ರು, ಅದನ್ನ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಲ್ಸ್ಟನ್ ಮತ್ತೆ ಎಲ್ಲಿಸ್ 1991ರಲ್ಲಿ ತಿದ್ದಿ ಸರಿ ಮಾಡಿದ್ರು, ಈಗ ಎಲ್ಲಾ ಕಡೆ ನಡೀತಿರೋದು ಅದೇ, ನಿಮ್ಮ ರಿಪೋರ್ಟಲ್ಲಿ ನಾಟಿಂಗ್‌ಹ್ಯಾಮ್ ಅಂತಲೋ ಎಸ್‌ಬಿಆರ್ ಅಂತಲೋ ಇರುತ್ತೆ ನೋಡಿ. ಮೈಕ್ರೋಸ್ಕೋಪಲ್ಲಿ ಮೂರು ವಿಷಯ ನೋಡ್ತಾರೆ. ಒಂದು, ಜೀವಕೋಶಗಳು ಇನ್ನೂ ಹಾಲಿನ ನಾಳದ ಥರ ಕೊಳವೆ ಕಟ್ಟಿಕೊಂಡು ಬೆಳೀತಿದಾವಾ ಅಂತ. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕಡೆ ಕೊಳವೆ ಇದ್ರೆ 1 ಅಂಕ, 10 ಪರ್ಸೆಂಟಿಗಿಂತ ಕಮ್ಮಿ ಇದ್ರೆ 3, ನಡುವೆ ಇದ್ರೆ 2. ಎರಡನೇದು ಜೀವಕೋಶದ ಒಳಗಿನ ನ್ಯೂಕ್ಲಿಯಸ್, ಎಲ್ಲಾ ಒಂದೇ ಅಳತೇಲಿ ಇದಾವಾ ಇಲ್ಲಾ ಒಂದು ಸಣ್ಣದು ಒಂದು ದಪ್ಪ ಅಂತ ಅಡ್ಡಾದಿಡ್ಡಿ ಇದಾವಾ. ಮೂರನೇದು, ಎಷ್ಟು ಜೀವಕೋಶ ಒಡೆದು ಎರಡಾಗ್ತಾ ಇದಾವೆ ಅಂತ ಎಣಿಸೋದು, ಇದನ್ನ ಮೈಟೋಟಿಕ್ ಕೌಂಟ್ ಅಂತಾರೆ, ಎಣಿಸಿ ಎಣಿಸಿ ಕಣ್ಣು ಸೋತುಹೋಗೋ ಕೆಲಸ ಇದು. ಈ ಎರಡಕ್ಕೂ 1ರಿಂದ 3ರವರೆಗೆ ಅಂಕ, ಮೂರರ ಅಂಕ ಕೂಡಿದ್ರೆ 3ರಿಂದ 9ರವರೆಗೆ ಏನೋ ಒಂದು ಬರುತ್ತೆ. 3, 4, 5 ಬಂದ್ರೆ ಗ್ರೇಡ್ 1, 6 ಅಥವಾ 7 ಬಂದ್ರೆ ಗ್ರೇಡ್ 2, 8 ಅಥವಾ 9 ಬಂದ್ರೆ ಗ್ರೇಡ್ 3. ಅಷ್ಟೇ.

ಗ್ರೇಡ್ 3 ಅಂದ್ರೆ ಬೇಗ ಬೆಳೆಯೋ ಸ್ವಭಾವದ್ದು, ಅದು ನಿಜ, ಅದನ್ನ ನಾನು ಮುಚ್ಚಿಡಲ್ಲ. ಆದ್ರೆ ಬೇಗ ಬೇಗ ಒಡೆಯೋ ಜೀವಕೋಶದ ಮೇಲೆ ಕೀಮೋ ಚೆನ್ನಾಗಿ ಕೆಲಸ ಮಾಡೋದೂ ಉಂಟು. ಮುಖ್ಯ ಮಾತು ಏನಂದ್ರೆ ಗ್ರೇಡ್ ಒಂದೇ ನೋಡಿ ಯಾವ ಡಾಕ್ಟರೂ ಟ್ರೀಟ್‌ಮೆಂಟ್ ಶುರು ಮಾಡಲ್ಲ, ಅವರ ಕಣ್ಣು ಮೊದಲು ಹೋಗೋದು ಕೆಳಗಿನ ಸಾಲಿಗೆ, ಅಲ್ಲಿ ಈಆರ್, ಪೀಆರ್, ಹರ್ ಟೂ, ಕೆಐ 67 (ಎಷ್ಟು ಜೀವಕೋಶ ಬೆಳೆಯೋ ಹಾದೀಲಿದಾವೆ ಅನ್ನೋ ಲೆಕ್ಕ) ಅಂತ ಇರುತ್ತೆ, ನಮ್ಮ ಕಡೆ ಮನೆಯವರು ಓದದೇ ಬಿಡೋದು ಆ ಸಾಲನ್ನೇ.

ಈಆರ್ ಅಂದ್ರೆ ಈಸ್ಟ್ರೋಜನ್ ರಿಸೆಪ್ಟರ್, ಪೀಆರ್ ಅಂದ್ರೆ ಪ್ರೊಜೆಸ್ಟರಾನ್ ರಿಸೆಪ್ಟರ್. ಹೆಣ್ಣಿನ ದೇಹದಲ್ಲಿ ಓಡಾಡೋ ಹಾರ್ಮೋನನ್ನ ಹಿಡಿದುಕೊಳ್ಳೋ ಪ್ರೋಟೀನು ಇವು, ಜೀವಕೋಶದ ನ್ಯೂಕ್ಲಿಯಸ್ಸಲ್ಲಿ ಕೂತಿರ್ತವೆ, ಈಸ್ಟ್ರೋಜನ್ ಬಂದು ಅಂಟಿಕೊಂಡ ತಕ್ಷಣ ಬೆಳೀ ಬೆಳೀ ಅಂತ ಸಿಗ್ನಲ್ ಹೋಗುತ್ತೆ. ಆರೋಗ್ಯವಾಗಿರೋ ಎದೆಯ ನಾಳದಲ್ಲೂ ಇವು ಇರ್ತವೆ, ಅದು ರೋಗ ಅಲ್ಲ. ಕ್ಯಾನ್ಸರ್ ಗಡ್ಡೆಯಲ್ಲಿ ಇವು ಉಳಕೊಂಡಿದ್ರೆ ಆ ಗಡ್ಡೆ ಇನ್ನೂ ಹಾರ್ಮೋನ್ ನಂಬಿಕೊಂಡು ಬೆಳೀತಿದೆ ಅಂತ ಅರ್ಥ, ಅಂದ್ರೆ ಹಾರ್ಮೋನನ್ನ ತಡೆದ್ರೆ ಗಡ್ಡೆನೂ ಸೊರಗುತ್ತೆ. ಅದಕ್ಕೇ "ಪಾಸಿಟಿವ್" ಅಂತ ಬಂದಿದೆ ಅಂದ ಕೂಡ್ಲೇ ಕೋವಿಡ್ ಪಾಸಿಟಿವ್ ಥರ ಕೇಳಿ ಅಳಬೇಡಿ ಮಾರಾಯ್ರೆ, ಇಲ್ಲಿ ಪಾಸಿಟಿವ್ ಅಂದ್ರೆ ಮಾತ್ರೆಗೆ ಬಗ್ಗೋ ಗಡ್ಡೆ ಅಂತ.

1896ರಲ್ಲೇ ಗ್ಲಾಸ್ಗೋದ ಬೀಟ್ಸನ್ ಅನ್ನೋ ಸರ್ಜನ್ ಅಂಡಾಶಯ ತೆಗೆದ್ರೆ ಕೆಲವು ಹೆಂಗಸರ ಎದೆ ಗಡ್ಡೆ ಕರಗುತ್ತೆ ಅಂತ ಬರೆದಿದ್ರು, ಯಾಕೆ ಕೆಲವರಿಗೆ ಮಾತ್ರ ಅಂತ ಆಗ ಯಾರಿಗೂ ಗೊತ್ತಾಗ್ಲಿಲ್ಲ. ಶಿಕಾಗೋದ ಎಲ್ವುಡ್ ಜೆನ್ಸನ್ 1950ರ ದಶಕದ ಕೊನೇಲಿ ಈ ರಿಸೆಪ್ಟರನ್ನ ಕಂಡುಹಿಡಿದ ಮೇಲೆ ಉತ್ತರ ಸಿಕ್ತು. ಈಸ್ಟ್ರೋಜನ್ ಆ ರಿಸೆಪ್ಟರಿಗೆ ಅಂಟದಂಗೆ ತಡೆಯೋ ಟಮಾಕ್ಸಿಫೆನ್ ಮಾತ್ರೆ 1962ರಲ್ಲಿ ಗರ್ಭ ನಿಲ್ಲದಂಗೆ ಮಾಡೋ ಔಷಧಿ ಹುಡುಕ್ತಾ ಮಾಡಿದ್ದು, ಆ ಕೆಲಸಕ್ಕೆ ಬರ್ಲಿಲ್ಲ, 1977ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ತು. ಈಆರ್ ಪಾಸಿಟಿವ್ ಇರೋರು 5 ವರ್ಷ ಇದನ್ನ ನುಂಗಿದ್ರೆ ಆ ಕ್ಯಾನ್ಸರಿಂದ ಸಾಯೋ ಅಪಾಯ ಸುಮಾರು ಮೂರನೇ ಒಂದು ಭಾಗ ಕಮ್ಮಿಯಾಗುತ್ತೆ, ಹತ್ತಾರು ಸಾವಿರ ಹೆಂಗಸರ ಲೆಕ್ಕ ಸೇರಿಸಿ ನೋಡಿ ಹೇಳಿರೋ ಮಾತಿದು. ಈಆರ್ ನೆಗೆಟಿವ್ ಇರೋರಿಗೆ ಅದೇ ಮಾತ್ರೆ ಏನೂ ಮಾಡಲ್ಲ. ಒಂದೇ ಮಾತ್ರೆ, ಒಬ್ಬರಿಗೆ ಜೀವ, ಇನ್ನೊಬ್ಬರಿಗೆ ಬರೀ ಸೈಡ್ ಎಫೆಕ್ಟು, ಅದನ್ನ ಹೇಳೋದು ನಮ್ಮ ಸ್ಲೈಡ್ ಮೇಲಿನ ಕಂದು ಬಣ್ಣ.

ಆ ಕಂದು ಬಣ್ಣ ಹೆಂಗೆ ಬರುತ್ತೆ ಅಂದ್ರೆ, ತುಂಡನ್ನ ಫಾರ್ಮಾಲಿನ್‌ನಲ್ಲಿ (ಮಾಂಸ ಕೊಳೆಯದಂಗೆ ಕಾಯೋ ದ್ರವ) ನೆನೆಸಿ, ಆಮೇಲೆ ಮೆಷಿನಲ್ಲಿ ಆಲ್ಕೋಹಾಲ್, ಝೈಲೀನ್, ಕರಗಿದ ಮೇಣ ಹೀಗೆ ಒಂದಾದ ಮೇಲೆ ಒಂದರಲ್ಲಿ ಬಿಟ್ಟು ಮೇಣದ ಬ್ಲಾಕ್ ಮಾಡ್ತೀವಿ. ಮೈಕ್ರೋಟೋಮಲ್ಲಿ ಅದನ್ನ ಮೂರ್ನಾಲ್ಕು ಮೈಕ್ರಾನ್ ತೆಳ್ಳಗೆ ಕೊಯ್ದು ಸ್ಲೈಡಿಗೆ ಹಾಕಿ, ಬಿಸಿ ಮಾಡಿ, ಈಆರನ್ನೇ ಹುಡುಕಿ ಹಿಡಿಯೋ ಆಂಟಿಬಾಡಿ ಹಾಕ್ತೀವಿ, ಅದು ಅಂಟಿಕೊಂಡ ಕಡೆ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗುತ್ತೆ. ಐಎಚ್‌ಸಿ ಅಂತಾರೆ ಇದಕ್ಕೆ. 100 ಗಡ್ಡೆ ಜೀವಕೋಶದಲ್ಲಿ 1 ಕಂದಾದ್ರೂ ಪಾಸಿಟಿವ್ ಅಂತಲೇ ಬರೀತಾರೆ, 2010ರಿಂದ ನಿಯಮ ಅದೇ. 1ರಿಂದ 10 ಪರ್ಸೆಂಟ್ ಒಳಗಿದ್ರೆ ಲೋ ಪಾಸಿಟಿವ್ ಅಂತ ಬೇರೆಯಾಗಿ ಬರೀಬೇಕು ಅಂತ 2020ರಲ್ಲಿ ಸೇರಿಸಿದ್ರು, ಯಾಕಂದ್ರೆ ಅಂಥ ಗಡ್ಡೆಗಳಲ್ಲಿ ಎಷ್ಟೋ ನೆಗೆಟಿವ್ ಥರಾನೇ ನಡಕೊಳ್ತವೆ. ರಿಪೋರ್ಟಲ್ಲಿ ಆಲ್ರೆಡ್ ಸ್ಕೋರ್ 8ಕ್ಕೆ 7, 8ಕ್ಕೆ 8 ಅಂತ ಇದ್ರೆ ಅದು ಎಷ್ಟು ಜೀವಕೋಶ ಕಂದಾಗಿದಾವೆ, ಎಷ್ಟು ಗಾಢವಾಗಿ ಆಗಿದಾವೆ ಎರಡನ್ನೂ ಕೂಡಿದ ಅಂಕ, ಇಲ್ಲಿ ಜಾಸ್ತಿ ಬಂದಷ್ಟೂ ಒಳ್ಳೇದು. ಗ್ರೇಡಲ್ಲಿ ಜಾಸ್ತಿ ಬಂದ್ರೆ ಕೆಟ್ಟದ್ದು, ಇಲ್ಲಿ ಜಾಸ್ತಿ ಬಂದ್ರೆ ಒಳ್ಳೇದು, ಮನೆಯವರಿಗೆ ತಲೆ ಕೆಡೋದು ಸಹಜ.

ಈಗ ನಾನು ಈ ಪೋಸ್ಟ್ ಬರೆಯೋಕೆ ಕಾರಣ ಆದ ವಿಷಯಕ್ಕೆ ಬರ್ತೀನಿ. ಈ ಗ್ರೇಡು, ಈ ಈಆರು, ಎಲ್ಲಾ ನಿಂತಿರೋದು ಒಂದೇ ಒಂದರ ಮೇಲೆ, ಆ ಮಾಂಸದ ತುಂಡನ್ನ ಮೊದಲ ಕೆಲವು ಗಂಟೆ ಹೆಂಗೆ ನೋಡಿಕೊಂಡ್ರು ಅನ್ನೋದರ ಮೇಲೆ. ದೇಹದಿಂದ ಹೊರಗೆ ಬಂದ ಒಂದು ಗಂಟೆ ಒಳಗೆ ಅದು 10 ಪರ್ಸೆಂಟ್ ನ್ಯೂಟ್ರಲ್ ಬಫರ್ಡ್ ಫಾರ್ಮಾಲಿನ್‌ಗೆ ಬೀಳಬೇಕು. ತುಂಡಿನ ಹತ್ತು ಪಟ್ಟಾದ್ರೂ ಫಾರ್ಮಾಲಿನ್ ಇರಬೇಕು. 6 ಗಂಟೆಗಿಂತ ಕಮ್ಮಿ ನೆನೀಬಾರ್ದು, 72 ಗಂಟೆ ಮೀರಬಾರ್ದು. ಫಾರ್ಮಾಲಿನ್ ಒಳಗೆ ಇಳಿಯೋದು ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಅಷ್ಟೇ, ಹಾಗಾಗಿ ಇಡೀ ಎದೆ ತೆಗೆದ ಆಪರೇಷನ್ ಆದ್ರೆ ಆ ದೊಡ್ಡ ತುಂಡನ್ನ ಕೊಯ್ದು ತೆರೆದು ಹಾಕಬೇಕು, ಇಲ್ಲಾಂದ್ರೆ ಹೊರಗೆ ಗಟ್ಟಿಯಾಗಿರುತ್ತೆ, ನಡುವಿರೋ ಗಡ್ಡೆ ಮಾತ್ರ ಕೊಳೀತಾ ಇರುತ್ತೆ.

ನಮಗೆ ಬರೋದು ಹೆಂಗೆ ಬರುತ್ತೆ ಗೊತ್ತಾ. ಜುಲೈ ತಿಂಗಳ ಮಳೇಲಿ ಯಾವುದೋ ಊರಿಂದ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿರ್ತಾರೆ, ಒಂದು ಪ್ಲಾಸ್ಟಿಕ್ ಡಬ್ಬೀಲಿ ತುಂಡು ಬಾಯಿವರೆಗೂ ತುರುಕಿರ್ತಾರೆ, ಮುಚ್ಚಳ ಹಾಕೋಕೂ ಜಾಗ ಇಲ್ಲ, ತಳದಲ್ಲಿ ಎರಡು ಚಮಚದಷ್ಟು ಫಾರ್ಮಾಲಿನ್. ಇನ್ನು ಕೆಲವು ಸಲ ಸಲೈನಲ್ಲಿ ಹಾಕಿ ಕಳಿಸಿರ್ತಾರೆ. ಶನಿವಾರ ಸಂಜೆ ಆಪರೇಷನ್ ಆಗಿರುತ್ತೆ, ಭಾನುವಾರ ಲ್ಯಾಬ್ ರಜೆ, ಸೋಮವಾರ ಮರ ಬಿದ್ದು ರಸ್ತೆ ಬಂದ್. ಡಬ್ಬಿ ತೆರೆದಾಗ ವಾಸನೆಯಲ್ಲೇ ಗೊತ್ತಾಗಿಬಿಡುತ್ತೆ, ಆಗ ನನಗೆ ಹೊಟ್ಟೆ ಕಿವುಚಿದಂಗಾಗುತ್ತೆ, ಯಾಕಂದ್ರೆ ಆ ಹೆಣ್ಣುಮಗಳು ಎಲ್ಲೋ ವಾರ್ಡಲ್ಲಿ ಮಲಗಿದಾಳೆ, ಅವಳ ಮುಂದಿನ ಐದು ಹತ್ತು ವರ್ಷದ ಔಷಧಿ ಯಾವುದು ಅನ್ನೋ ಉತ್ತರ ಈ ಡಬ್ಬೀಲಿ ಹಾಳಾಗ್ತಾ ಇದೆ.

ಸರಿಯಾಗಿ ಫಿಕ್ಸ್ ಆಗದ, ಅಂದ್ರೆ ಫಾರ್ಮಾಲಿನ್ ಸರಿಯಾಗಿ ಹಿಡಿಯದ ತುಂಡಲ್ಲಿ ಎರಡು ಸುಳ್ಳು ಹುಟ್ಟುತ್ತೆ. ಈಆರ್ ಇದ್ರೂ ಬಣ್ಣ ಹಿಡಿಯಲ್ಲ, ನೆಗೆಟಿವ್ ಅಂತ ಬರುತ್ತೆ. ಒಡೀತಿರೋ ಜೀವಕೋಶ ಇದ್ರೂ ಗುರುತು ಹಿಡಿಯೋಕೆ ಆಗಲ್ಲ, ಮೈಟೋಟಿಕ್ ಕೌಂಟ್ ಕಮ್ಮಿ ಬರುತ್ತೆ, ಗ್ರೇಡ್ ಇರೋದಕ್ಕಿಂತ ಕೆಳಗೆ ಇಳಿಯುತ್ತೆ. ಅಂದ್ರೆ ಸೌಮ್ಯ ಅಲ್ಲದ್ದು ಸೌಮ್ಯ ಅಂತ ಕಾಣುತ್ತೆ, ಮಾತ್ರೆಗೆ ಬಗ್ಗೋದು ಬಗ್ಗಲ್ಲ ಅಂತ ಕಾಣುತ್ತೆ. ಒಳ್ಳೆ ಪೆಥಾಲಜಿಸ್ಟ್ ಇದನ್ನ ಹಿಡೀತಾರೆ, ಅದೇ ಸ್ಲೈಡಲ್ಲಿ ಪಕ್ಕದಲ್ಲೇ ಇರೋ ಆರೋಗ್ಯವಾದ ನಾಳಕ್ಕೆ ಕಂದು ಬಣ್ಣ ಬಂದಿದೆಯಾ ನೋಡ್ತಾರೆ, ಅದಕ್ಕೂ ಬಂದಿಲ್ಲ ಅಂದ್ರೆ ಟೆಸ್ಟೇ ಕೆಟ್ಟಿದೆ, ಇನ್ನೊಂದು ಬ್ಲಾಕಲ್ಲಿ ಮಾಡಿ ಅಂತಾರೆ. ಗ್ರೇಡನ್ನೂ ಈಆರನ್ನೂ ಜೋಡಿಸಿ ಓದಬೇಕು ಅಂತ ನಾನು ಹೇಳೋದು ಇದಕ್ಕೇ. ಗ್ರೇಡ್ 1 ಗಡ್ಡೆ ಅಂದ್ರೆ ಸಾಮಾನ್ಯವಾಗಿ ಈಆರ್ ಪಾಸಿಟಿವ್ ಇರಲೇಬೇಕು, ಗ್ರೇಡ್ 1 ಅಂತ ಬರೆದು ಪಕ್ಕದಲ್ಲೇ ಈಆರ್ ಸೊನ್ನೆ ಅಂತ ಇದ್ರೆ ಆ ಎರಡು ಸಾಲು ಒಂದಕ್ಕೊಂದು ಹೊಂದಲ್ಲ, ಮತ್ತೊಮ್ಮೆ ಟೆಸ್ಟ್ ಮಾಡಿಸ್ಬೇಕಾ ಅಂತ ಡಾಕ್ಟರನ್ನ ಕೇಳಲೇಬೇಕು. ಗ್ರೇಡ್ 3ರಲ್ಲಿ ಈಆರ್ ನೆಗೆಟಿವ್ ಬರೋದು ಅಪರೂಪ ಅಲ್ಲ, ಪಾಸಿಟಿವ್ ಬರೋದೂ ಬೇಕಾದಷ್ಟಿದೆ, ಚಿಕ್ಕಮ್ಮಂದು ಗ್ರೇಡ್ 3, ಈಆರ್ 8ಕ್ಕೆ 7.

ಹರ್ ಟೂ ಬಗ್ಗೆ ಚಿಕ್ಕದಾಗಿ. ಅದು ಹಾರ್ಮೋನ್ ರಿಸೆಪ್ಟರ್ ಅಲ್ಲ, ಜೀವಕೋಶದ ಹೊರಗಿನ ಪೊರೆಯಲ್ಲಿರೋ ಇನ್ನೊಂದು ಪ್ರೋಟೀನು, 0, 1+, 2+, 3+ ಅಂತ ಬರುತ್ತೆ. 3+ ಅಂದ್ರೆ ಪಾಸಿಟಿವ್, ಟ್ರಾಸ್ಟುಜುಮಾಬ್ ಇಂಜೆಕ್ಷನ್ ಕೆಲಸ ಮಾಡುತ್ತೆ, ಮೊದಲು ಕೈಗೆಟುಕದ ರೇಟಿತ್ತು, 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದರ ಬಯೋಸಿಮಿಲರ್ (ಅದೇ ಥರ ಕೆಲಸ ಮಾಡೋ ಔಷಧಿ) ತಂದ ಮೇಲೆ ಸ್ವಲ್ಪ ಇಳೀತು. 2+ ಅಂದ್ರೆ ಹೌದೂ ಅಲ್ಲ ಇಲ್ಲಾನೂ ಅಲ್ಲ, ಫಿಶ್ ಅನ್ನೋ, ಹರ್ ಟೂ ಜೀನನ್ನೇ ಎಣಿಸೋ ಟೆಸ್ಟ್ ಆಗಬೇಕು. ದುಡ್ಡು ಜಾಸ್ತಿ, ದೊಡ್ಡ ಊರಿಗೆ ಬ್ಲಾಕ್ ಹೋಗಬೇಕು ಅಂತ ಎಷ್ಟೋ ಜನ 2+ನಲ್ಲೇ ಬಿಟ್ಟುಬಿಡ್ತಾರೆ, ದಯವಿಟ್ಟು ಬಿಡಬೇಡಿ. ಈಆರ್, ಪೀಆರ್, ಹರ್ ಟೂ ಮೂರೂ ನೆಗೆಟಿವ್ ಬಂದ್ರೆ ಟ್ರಿಪಲ್ ನೆಗೆಟಿವ್, ಅಲ್ಲಿ ಹಾರ್ಮೋನ್ ಮಾತ್ರೆ ನಡೆಯಲ್ಲ, ಕೀಮೋನೇ ಮುಖ್ಯ, ಹಾಗಾಗಿ ಆ ಉತ್ತರ ನಿಜವಾದ ನೆಗೆಟಿವ್ವಾ ಅಂತ ಖಾತ್ರಿ ಮಾಡಿಕೊಳ್ಳೋದು ಎಷ್ಟು ಮುಖ್ಯ ನೋಡಿ.

ಇನ್ನೊಂದು ಮಾತು ನಮ್ಮ ಕಡೆಯವರಿಗೆ ಹೇಳಲೇಬೇಕು. ಗಡ್ಡೆಗೆ ಸೂಜಿ ಹಾಕಿದ್ರೆ ಕ್ಯಾನ್ಸರ್ ಹರಡುತ್ತೆ ಅನ್ನೋ ಮಾತು ಮಲೆನಾಡಲ್ಲಿ ಮನೆ ಮನೇಲಿದೆ, ಹಂಗೇನಿಲ್ಲ, ಹರಡೋದು ಮೂರು ತಿಂಗಳು ನಾಟಿ ಮದ್ದಿಗೆ ಕ್ಯೂ ನಿಂತಾಗ. ಸಣ್ಣ ಸೂಜಿಯ ಎಫ್‌ಎನ್‌ಎಸಿ ಮಾಡಿಸಿದ್ರೆ ಕ್ಯಾನ್ಸರ್ ಹೌದಾ ಅಲ್ವಾ ಗೊತ್ತಾಗಬಹುದು, ಆದ್ರೆ ಗ್ರೇಡು ರಿಸೆಪ್ಟರು ಸರಿಯಾಗಿ ನೋಡೋಕೆ ದಪ್ಪ ಸೂಜಿಯ ಟ್ರೂಕಟ್ ಬಯಾಪ್ಸಿನೇ ಬೇಕು. ಅದೂ ಕೀಮೋ ಶುರುವಾಗೋಕೆ ಮೊದಲೇ ಆಗಬೇಕು, ಯಾಕಂದ್ರೆ ಕೆಲವರಿಗೆ ಆಪರೇಷನ್‌ಗೆ ಮೊದಲೇ ಕೀಮೋ ಕೊಡ್ತಾರೆ, ಅದಕ್ಕೆ ಗಡ್ಡೆ ಪೂರ್ತಿ ಕರಗಿಹೋದ್ರೆ (ಖುಷಿಯ ವಿಷಯವೇ) ಆಮೇಲೆ ಟೆಸ್ಟ್ ಮಾಡೋಕೆ ಏನೂ ಉಳಿದಿರಲ್ಲ. ಎದೆಯಿಂದ ತೆಗೆದ ಗಡ್ಡೆ ಯಾವುದೇ ಇರ್ಲಿ, ಕೊಬ್ಬಿನ ಗಂಟು ಅಂತ ಹೇಳಿದ್ರೂ, ಬಯಾಪ್ಸಿಗೆ ಕಳಿಸಿ ಅಂತ ಹಠ ಹಿಡೀರಿ.

ಮಾತ್ರೆ ಶುರುವಾದ ಮೇಲಿನ ಕಥೆ ಬೇರೆ. ಚಿಕ್ಕಮ್ಮಂಗೆ ಮುಟ್ಟು ನಿಂತಿತ್ತು, ಹಾಗಾಗಿ ಲೆಟ್ರೋಜೋಲ್ ಕೊಟ್ರು, ಅದು ದೇಹದಲ್ಲಿ ಈಸ್ಟ್ರೋಜನ್ ತಯಾರಾಗೋದನ್ನೇ ನಿಲ್ಲಿಸುತ್ತೆ. ಮುಟ್ಟು ಇನ್ನೂ ಬರ್ತಿರೋರಿಗೆ ಅದೊಂದೇ ಕೊಟ್ರೆ ಸಾಲಲ್ಲ, ಅಂಡಾಶಯದ ಕೆಲಸವನ್ನೂ ತಡೀಬೇಕು, ಅವರಿಗೆ ಸಾಮಾನ್ಯವಾಗಿ ಟಮಾಕ್ಸಿಫೆನ್. ಲೆಟ್ರೋಜೋಲಿಗೆ ಮೂಳೆ ಸವೆಯುತ್ತೆ, ಕೀಲು ಹಿಡಿಯುತ್ತೆ. ಅಡಿಕೆ ಸುಲಿಯೋ ಸೀಸನ್ನಲ್ಲಿ ಬೆಳಗ್ಗೆ ಎದ್ರೆ ಬೆರಳು ಬಗ್ಗಲ್ಲ, ಮೆಟ್ಟುಗತ್ತಿ ಮುಂದೆ ಕೂರೋಕೇ ಆಗಲ್ಲ, ಮಾತ್ರೆ ಹೀಟು ಬೇರೆ ಅಂತ ಅವರು ಯಾರಿಗೂ ಹೇಳದೆ ಬಿಟ್ಟುಬಿಟ್ಟಿದ್ರು. "ಗಡ್ಡೆ ತೆಗ್ದಾಯ್ತಲ್ಲೇ, ಕೀಮೋನೂ ಮುಗೀತು, ಇನ್ಯಾಕೆ ಈ ಮಾತ್ರೆ" ಅಂದ್ರು. ನಾನು ಅವರನ್ನ ಬೈಲಿಲ್ಲ, ಬೈಯೋದು ತಪ್ಪು, ನೋವು ಅವರದ್ದು. ಈಆರ್ ಪಾಸಿಟಿವ್ ಗಡ್ಡೆ ಐದು ವರ್ಷ ಆದ ಮೇಲೂ, ಹತ್ತು ವರ್ಷ ಆದ ಮೇಲೂ ತಲೆ ಎತ್ತಬಹುದು ಚಿಕ್ಕಮ್ಮಾ, ಅದಕ್ಕೇ ಇಷ್ಟು ವರ್ಷ ಕೊಡೋದು ಅಂತ ಹೇಳಿ ಡಾಕ್ಟರ ಹತ್ರ ಕರಕೊಂಡು ಹೋದೆ. ಅವರು ಮಾತ್ರೆ ಬದಲಿಸಿದ್ರು, ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ರು, ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡೋ ಡೆಕ್ಸಾ ಸ್ಕ್ಯಾನ್ ಬರೆದ್ರು, ದಿನಾ ನಡೀರಿ ಅಂದ್ರು. ಈಗ ನಡೀತಿದೆ. ಟಮಾಕ್ಸಿಫೆನ್ ತಗೊಳ್ತಿರೋರು ಕಾಲು ಒಂದೇ ಕಡೆ ಊದಿದ್ರೆ, ಮುಟ್ಟು ನಿಂತ ಮೇಲೆ ರಕ್ತ ಕಂಡ್ರೆ ಕಾಯಬೇಡಿ, ಕೂಡ್ಲೇ ತೋರಿಸಿ. ಬೇರೆ ಮಾತ್ರೆ, ಕಷಾಯ, ನಾಟಿ ಪುಡಿ ಏನು ತಗೊಂಡ್ರೂ ಡಾಕ್ಟರಿಗೆ ಹೇಳಿ, ಡಿಪ್ರೆಶನ್‌ಗೆ ಕೊಡೋ ಕೆಲವು ಮಾತ್ರೆ ಟಮಾಕ್ಸಿಫೆನ್ ಕೆಲಸವನ್ನ ಕಮ್ಮಿ ಮಾಡ್ತವೆ. ಟಮಾಕ್ಸಿಫೆನ್, ಲೆಟ್ರೋಜೋಲ್ ಎರಡರ ಜೆನೆರಿಕ್ ರೇಟ್ ಜಾಸ್ತಿ ಇಲ್ಲ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಟ್ರೀಟ್‌ಮೆಂಟಿಗೆ ನಮ್ಮ ಕಡೆಯವರು ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೆ ಹೋಗ್ತಾರೆ, ಇಲ್ಲಾ ಆಗುಂಬೆ ಘಾಟಿನೋ ಹುಲಿಕಲ್ ಘಾಟಿನೋ ಇಳಿದು ಮಣಿಪಾಲ, ಇಲ್ಲಾ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಲೆಟರ್ ಬೇಕಾಗುತ್ತೆ, ಹೊರಡೋ ಮೊದಲೇ ಮಾಡಿಸಿಕೊಳ್ಳಿ. ಎಲ್ಲಿಗೇ ಹೋಗಿ, ರಿಪೋರ್ಟಿನ ಜೆರಾಕ್ಸ್ ಒಂದೇ ಹಿಡಕೊಂಡು ಹೋಗಬೇಡಿ. ಮೊದಲು ಬಯಾಪ್ಸಿ ಮಾಡಿದ ಲ್ಯಾಬಿಗೆ ಹೋಗಿ ಸ್ಲೈಡು ಮತ್ತೆ ಮೇಣದ ಬ್ಲಾಕ್ ಬೇಕು ಅಂತ ಒಂದು ಅರ್ಜಿ ಬರೆದುಕೊಡಿ, ಕೊಡ್ತಾರೆ, ಸೈನ್ ಹಾಕಿಸಿಕೊಳ್ತಾರೆ ಅಷ್ಟೇ. ಬ್ಲಾಕ್ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಿರುತ್ತೆ, ಬಿಸಿಲಿಗೆ ಕಾರ್ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತೆ, ಸ್ಲೈಡ್ ಬಾಕ್ಸನ್ನ ಬಟ್ಟೇಲಿ ಸುತ್ತಿ ಬ್ಯಾಗಿನ ನಡುವೆ ಇಡಿ. ಅಲ್ಲಿನವರು ಈಆರ್ ಮತ್ತೊಮ್ಮೆ ನೋಡಬೇಕು ಅಂದ್ರೂ, ಹರ್ ಟೂಗೆ ಫಿಶ್ ಮಾಡಬೇಕು ಅಂದ್ರೂ, ಇನ್ನೊಂದು ಸಲ ಸೂಜಿ ಚುಚ್ಚದೇ ಅದರಲ್ಲೇ ಆಗಬಹುದು. ಟೆಸ್ಟ್ ಮುಗಿದ ಮೇಲೆ ಬ್ಲಾಕನ್ನ ವಾಪಸ್ ಕೇಳಿ ತಗೊಂಡು ಬನ್ನಿ, ಮುಂದೆ ಯಾವತ್ತಾದ್ರೂ ರೋಗ ಮರುಕಳಿಸಿದ್ರೆ ಹೊಸ ಗಡ್ಡೆಗೂ ಬಯಾಪ್ಸಿ ಮಾಡಿ ರಿಸೆಪ್ಟರ್ ಬದಲಾಗಿದೆಯಾ ನೋಡ್ತಾರೆ, ಆಗ ಹಳೇದರ ಜೊತೆ ಹೋಲಿಸೋಕೆ ಬೇಕಾಗುತ್ತೆ.